ಮುತ್ಯಾನಿಗೆ ಹಾಕಿದ ಟೋಪಿ

ಅಥವಾ ಕುದುರೆ ನಡುಹೊಳೆಯಲ್ಲಿ ನಿಂತುಬಿಟ್ಟದ್ದು ಟೆಕ್ಸಸ್‌ನ ಬ್ರಾಜೋಸ್ ನದಿಯಲ್ಲಿ ಅಲ್ಲವೇ ಅಲ್ಲ, ಬೀದರ್ ಕಡೆಯ ಮಾಂಜ್ರಾ ಹೊಳೆಯಲ್ಲಿ ಇರಬೇಕು. ಎರಡರಲ್ಲೂ ನಿಂತಿರಬಹುದು ಎಂದು ಒಮ್ಮೊಮ್ಮೆ ಸಮಾಧಾನ ಹೇಳಿಕೊಳ್ಳುತ್ತೇನೆ. ನೀರು ಹೊಟ್ಟೆಗೆ ತಾಗಿದರೆ ನಿಲ್ಲುವುದು ಕುದುರೆಗಳ ಸ್ವಭಾವವೇ ಆಗಿರಬಹುದು. ನನಗೆ ಕುದುರೆಗಳ ವಿಷಯ ತಿಳಿಯದು. ನಾನು ಹತ್ತಿರದಿಂದ ನೋಡಿದ ಒಂದೇ ಕುದುರೆ ಡಲ್ಲಾಸ್‌ನ ಹೋಟೆಲೊಂದರ ಪಾರ್ಕಿಂಗ್ ಲಾಟ್‌ನಲ್ಲಿ ಪಂಜಾಬಿ ಮದುಮಗನನ್ನು ಹೊತ್ತು ನಿಂತಿತ್ತು, ಮುಂದೆ ಡಿಜೆ ಕುಣಿಸುತ್ತಿದ್ದ. ಆದರೂ ಆ ಹೊಳೆ, ಆ ಕುದುರೆ, ಅದರ ಮೇಲೆ ಕರಿಕೋಟಿನ ಬೋಧಕ, ಅವನ ಮೊಣಕಾಲಿಗೆ ಬಂದ ಕೆಂಪು ನೀರು, ಇವೆಲ್ಲ ನಾನೇ ದಡದಲ್ಲಿ ನಿಂತು ಕಂಡಂತೆ ನೆನಪಿವೆ. ಇಷ್ಟು ಸ್ಪಷ್ಟವಾಗಿ ನೆನಪಿರುವುದಕ್ಕೇ ನನಗೆ ಅನುಮಾನ.

ಖಚಿತವಾದದ್ದು ಸ್ವಲ್ಪವೇ. ನಾನು ಆಸ್ಟಿನ್‌ನಲ್ಲಿದ್ದೇನೆ. ಅಕ್ಕ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿದ್ದಾಳೆ, ಆಸ್ಪತ್ರೆಯೊಂದರಲ್ಲಿ ನರ್ಸ್. ಅವ್ವ ಅವಳ ಜೊತೆಗೇ ಇರುತ್ತಾಳೆ. ಅವರನ್ನು ನೋಡಲು ಹೋಗುವ ದಾರಿಯಲ್ಲಿ, ಹೆದ್ದಾರಿಯಿಂದ ಒಂದಿಷ್ಟು ಒಳಗೆ, ಬಿಳಿ ಬಣ್ಣ ಬಳಿದ ಮರದ ಚರ್ಚೊಂದರ ಮುಂದೆ ಒಂದು ಲೋಹದ ಫಲಕ ನಿಂತಿದೆ. ಹತ್ತೊಂಬತ್ತನೆಯ ಶತಮಾನದ, ಮೆಥಡಿಸ್ಟ್ ಪಂಗಡದ ಕ್ರೈಸ್ತ ಬೋಧಕನೊಬ್ಬನ ಇಡೀ ಬದುಕು ಅದರ ಮೇಲೆ ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಕುದುರೆಯ ಮೇಲೆ ಬಂದ. ಮರಗಳ ಕೆಳಗೆ ಬೋಧಿಸಿದ. ತುಂಬಿದ ಹೊಳೆಗಳನ್ನು ದಾಟಿದ. ಜ್ವರದಿಂದ ತೀರಿಕೊಂಡ. ಸಮಾಧಿ ಎಲ್ಲಿದೆಯೋ ತಿಳಿಯದು.

ಆ ಫಲಕದ ಮುಂದೆ ನಾನು ಯಾಕೆ ನಿಂತೆ ಎಂಬುದಕ್ಕೆ ನನ್ನ ಬಳಿ ಮೂರು ಕಾರಣಗಳಿವೆ, ಮೂರನ್ನೂ ಬೇರೆ ಬೇರೆಯವರಿಗೆ ಹೇಳಿದ್ದೇನೆ. ಯಾವುದು ನಿಜವೋ ಈಗ ಬಿಡಿಸಲಾಗುತ್ತಿಲ್ಲ. ನಿಂತೆ, ಓದಿದೆ, ಒಂದು ಫೋಟೋ ತೆಗೆದುಕೊಂಡೆ ಎನ್ನುವಷ್ಟಕ್ಕೆ ಬಿಡೋಣ.

ಅದಾದ ಮೇಲೆ ಕನ್ನಡ ಕೂಟದ ಕಾರ್ಯದರ್ಶಿಗಳ ಫೋನ್ ಬಂತು. ಮೈಸೂರಿನವರು, ಮನೆ ಡಲ್ಲಾಸ್ ಪಕ್ಕದ ಅಲೆನ್‌ನಲ್ಲಿ, ಕೆಲಸ ಪ್ಲೇನೊದಲ್ಲಿ, ಚಿಪ್ ಡಿಸೈನ್. ತುಂಬ ಒಳ್ಳೆಯ ಮನುಷ್ಯ. ಮುಂದೆ ನಾನು ಏನು ಬರೆದರೂ ಈ ಮಾತನ್ನು ಓದುಗರು ಮರೆಯಬಾರದು.

“ಸಾರ್, ಮೂರೂ ಊರಿನ ಕೂಟ ಸೇರ್ಕೊಂಡು ಒಂದು ಸೀರೀಸ್ ಮಾಡ್ತಿದ್ದೀವಿ. ಮೊದ್ಲು ಡಲ್ಲಾಸ್, ಆಮೇಲೆ ಆಸ್ಟಿನ್, ಕೊನೇಗೆ ಹ್ಯೂಸ್ಟನ್. ಇಲ್ಲಿನ ಲೋಕಲ್ ಹಿಸ್ಟರಿ, ಕನ್ನಡದಲ್ಲಿ. ನೀವೊಂದು ಐಟಂ ಕೊಡ್ಲೇಬೇಕು.”

“ಏಕಪಾತ್ರಾಭಿನಯ ಆಗುತ್ತಾ?”

“ಏನಾದ್ರೂ ಆಗುತ್ತೆ ಸಾರ್, ಜನಕ್ಕೆ ಅರ್ಥ ಆದ್ರೆ ಸಾಕು. ನಿಮ್ಮ ಕಥೆ ಓದಿದ್ವಿ. ಇದನ್ನ ಯಾವ ಕಡೆಯಿಂದ ಓದ್ಬೇಕು ಅಂತ ಮನೆಯಾಕೆ ಕೇಳಿದ್ಲು, ನನಗೂ ಹೇಳಕ್ಕಾಗ್ಲಿಲ್ಲ.”

ಸರ್ಕ್ಯೂಟ್ ಪ್ರೀಚರ್ ಒಬ್ಬನ ಬಗ್ಗೆ ಮಾಡುತ್ತೇನೆ ಎಂದೆ.

“ಸರ್ಕ್ಯೂಟಾ? ನಮ್ಮ ಡಿಪಾರ್ಟ್‌ಮೆಂಟೇ ಬಿಡಿ. ಶಾರ್ಟ್ ಆಗದಂಗೆ ನೋಡ್ಕೊಳ್ಳಿ.”

ಒಬ್ಬ ಬೋಧಕನಿಗೆ ಹಂಚಿಕೊಟ್ಟ ಊರುಗಳ ಸುತ್ತಿಗೆ ಸರ್ಕ್ಯೂಟ್ ಎನ್ನುತ್ತಾರೆ, ತಿಂಗಳಿಡೀ ಕುದುರೆಯ ಮೇಲೆ ಆ ಸುತ್ತು ಹಾಕುವುದೇ ಅವನ ಕೆಲಸ ಎಂದು ವಿವರಿಸಿದೆ. ನಮ್ಮ ಮನೆಯಲ್ಲಿ ಅದೇ ಶಬ್ದವನ್ನು ‘ಸರ್ಕಿಟ್’ ಎನ್ನುತ್ತಿದ್ದರು ಎಂಬುದನ್ನು ಹೇಳಲಿಲ್ಲ. ಅವ್ವನ ತಂದೆ, ನಮ್ಮ ಮುತ್ಯಾ, ಬೀದರ್ ಸೀಮೆಯಲ್ಲಿ ಮೆಥಡಿಸ್ಟ್ ಸಭೆಯ ಬೋಧಕರಾಗಿದ್ದರು. ಒಂದು ಬಡಕಲು ತಟ್ಟು, ಅಂದರೆ ಗಿಡ್ಡ ಕುದುರೆ, ಅವರ ವಾಹನ. ಅದರ ಮೇಲೆ ಊರೂರು ಸುತ್ತುತ್ತಿದ್ದರು.

ಕೂಟದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ನಾನು ಮುಚ್ಚಿಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ. ನನ್ನ ಹೆಸರಿನಿಂದ ಗೊತ್ತಾಗುವುದಿಲ್ಲ. ಬೀದರ್ ಎಂದ ಕೂಡಲೇ ಜನ ತಮ್ಮಷ್ಟಕ್ಕೆ ತಾವೇ ಒಂದು ತೀರ್ಮಾನಕ್ಕೆ ಬರುತ್ತಿದ್ದರು. ಯುಗಾದಿ ಊಟದ ಸಾಲಿನಲ್ಲಿ ಒಬ್ಬ ಆಂಟಿ, “ಬೀದರ್ ಕಡೆಯೋರು ಅಂದ್ರೆ ನಿಮ್ದು ಯಾವ ಮಠ ಬರುತ್ತೆ?” ಎಂದು ಕೇಳಿದ್ದರು. ನಾನು ನಕ್ಕೆ. ನಗು ಎಲ್ಲ ಮಠಗಳಿಗೂ ಹೊಂದುತ್ತದೆ.

ಸ್ಕ್ರಿಪ್ಟ್ ಬರೆಯಲು ಕೂತಾಗ ಫಲಕದ ಸಾಲುಗಳು ಮೊದಲ ಪುಟಕ್ಕೇ ಖಾಲಿಯಾದವು. ಲೈಬ್ರರಿಯಿಂದ ಪುಸ್ತಕ ತಂದು ಓದಿದೆ. ಬೋಧಕರಿಗೆ ಮನೆಯಿರಲಿಲ್ಲ, ಯಾರ ಗುಡಿಸಲಿನಲ್ಲಿ ಕತ್ತಲಾಯಿತೋ ಅಲ್ಲೇ ಊಟ, ಅಲ್ಲೇ ನಿದ್ದೆ. ಕೊಂಬೆಗಳ ಚಪ್ಪರ ಹಾಕಿ ಪ್ರಾರ್ಥನಾ ಕೂಟ ನಡೆಸುತ್ತಿದ್ದರು. ಒಂದು ಊರಿಗೆ ತಲುಪಿದರೆ ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದವರಿಗೆ ದೀಕ್ಷಾಸ್ನಾನ, ಕೂಡಿಕೊಂಡವರಿಗೆ ಮದುವೆ, ಆಗಲೇ ಮಣ್ಣಾದವರಿಗೆ ಪ್ರಾರ್ಥನೆ, ಎಲ್ಲ ಒಂದೇ ದಿನ. ಓದಿದ್ದು ಇಷ್ಟೇ. ಇಷ್ಟೇ ಎಂದು ಈಗ ಅನಿಸುತ್ತದೆ. ಉಳಿದ ಜಾಗಕ್ಕೆ ನನಗೆ ಗೊತ್ತೇ ಆಗದಂತೆ ಮುತ್ಯಾ ಬಂದು ಕೂತರು. ಪ್ರಾರ್ಥನೆ ಉದ್ದವಾದರೆ ಮನೆಯ ಹಾದಿ ಹಿಡಿಯುತ್ತಿದ್ದ ತಟ್ಟು ಮುತ್ಯಾನದು. ತಂಗಿದ ಮನೆಯ ಹೆಂಗಸು ಕೊಟ್ಟ ಒಂದೇ ರೊಟ್ಟಿಯನ್ನು ಆಕೆಯ ಮಕ್ಕಳ ಮುಂದೆ ತಿನ್ನಲಾರದೆ ಕೋಟಿನ ಜೇಬಿಗೆ ಹಾಕಿಕೊಂಡಂತೆ ಮಾಡಿ ಒಲೆಯ ಹಿಂದೆ ಇಟ್ಟು ಬಂದವರು ಮುತ್ಯಾ. ನಾನು ಜೋಳದ ರೊಟ್ಟಿಯನ್ನು ಮೆಕ್ಕೆಜೋಳದ ಬ್ರೆಡ್ ಮಾಡಿದೆ. ಮಾಂಜ್ರಾವನ್ನು ಬ್ರಾಜೋಸ್ ಮಾಡಿದೆ. ತಟ್ಟನ್ನು ಕುದುರೆ ಮಾಡಿದೆ. ಮುತ್ಯಾನ ರುಮಾಲು ತೆಗೆದು ಅಗಲ ಅಂಚಿನ ಕರಿ ಟೋಪಿ ಇಟ್ಟೆ.

ಕೆಲವನ್ನು ಬಿಟ್ಟೆ. ಮುತ್ಯಾನ ಸರ್ಕಿಟ್ ಎಂದರೆ ಊರುಗಳಲ್ಲ, ಊರ ಹೊರಗಿನ ಕೇರಿಗಳು. ಊರ ಅಗಸಿ ಬಾಗಿಲು ಬಂದ ಕೂಡಲೇ ತಟ್ಟಿನಿಂದ ಇಳಿದು, ಹಗ್ಗ ಹಿಡಿದು, ಊರು ದಾಟುವವರೆಗೂ ನಡೆಯಬೇಕಿತ್ತು. ಅವರ ಜಾತಿಯವರು ಕೂತು ಹೋಗುವ ಹಾಗಿರಲಿಲ್ಲ. ಕೈಯಲ್ಲಿ ಬೈಬಲ್, ಅವರ ಸತ್ಯವೇದ, ಇದ್ದರೂ ಹಾಗಿರಲಿಲ್ಲ. ಅದನ್ನು ಬರೆದರೆ ಟೆಕ್ಸಸ್‌ನ ಬಿಳಿಯ ಬೋಧಕನಿಗೆ ಹೊಂದುವುದಿಲ್ಲ ಎಂದು ಬಿಟ್ಟೆ. ಅವನನ್ನು ನಾನು ಎಲ್ಲೂ ಕುದುರೆಯಿಂದ ಇಳಿಸಲಿಲ್ಲ. ಅವನ ಚಪ್ಪರದ ಹಿಂದೆ ದೂರದಲ್ಲಿ ನಿಂತು ಕೇಳುತ್ತಿದ್ದ ಗುಲಾಮರ ಬಗ್ಗೆ ಫಲಕದಲ್ಲಿ ಒಂದು ಮಾತೂ ಇಲ್ಲ. ನನ್ನ ಸ್ಕ್ರಿಪ್ಟಿನಲ್ಲೂ ಇರಲಿಲ್ಲ.

ಪ್ರಾರ್ಥನೆಯನ್ನು ಮಾತ್ರ ಬಿಡಲಿಲ್ಲ. ಅದನ್ನು ಹಾಕಬೇಕೆಂದು ಯಾವ ಗಳಿಗೆಯಲ್ಲಿ ನಿರ್ಧರಿಸಿದೆನೋ ನೆನಪಿಲ್ಲ. ಹೊಳೆಯ ದಡದಲ್ಲಿ ನಿಂತ ಬೋಧಕ ಏನಾದರೂ ಹೇಳಬೇಕಿತ್ತು, ಬೆರಳುಗಳು ಟೈಪ್ ಮಾಡಿಬಿಟ್ಟವು. ಮುತ್ಯಾ ಪ್ರತಿ ಪಯಣಕ್ಕೆ ಮೊದಲು ಹೇಳುತ್ತಿದ್ದದ್ದು, ಅವ್ವ ಇವತ್ತಿಗೂ ಅಕ್ಕ ಡ್ಯೂಟಿಗೆ ಕಾರು ತೆಗೆಯುವಾಗ ಬಾಗಿಲಲ್ಲಿ ನಿಂತು ಹೇಳುವುದು:

‘ಕರ್ತನೇ, ದಾರಿಯ ಒಡೆಯನೇ, ನಿನ್ನ ಪಾದಸನ್ನಿಧಿಗೆ ಬಂದಿದ್ದೇನೆ. ಉಂಡ ಮನೆಯನ್ನೂ ರೊಟ್ಟಿ ಬಡಿದ ಕೈಯನ್ನೂ ಆಶೀರ್ವದಿಸು. ನನಗೆ ಬುದ್ಧಿ ಕೊಡು. ನನಗೆ ಕೊಟ್ಟು ಉಳಿದರೆ ಈ ತಟ್ಟಿಗೂ ಕೊಡು. ಹೊಳೆ ಇಳಿಸು. ಹೊಳೆ ಇಳಿಸುವುದು ನಿನ್ನ ಚಿತ್ತವಲ್ಲದಿದ್ದರೆ ನನ್ನ ಅಂಜಿಕೆಯನ್ನಾದರೂ ಇಳಿಸು. ಆಮೆನ್.’

ಡಲ್ಲಾಸ್‌ನಲ್ಲಿ ಮೊದಲ ಪ್ರದರ್ಶನ. ಬಾಡಿಗೆಗೆ ಪಡೆದ ಶಾಲೆಯ ಸಭಾಂಗಣ, ಮುಂದಿನ ಸಾಲಿನಲ್ಲಿ ಅಂಕಲ್‌ಗಳು, ಹಿಂದೆ ಫೋನಿನಲ್ಲಿ ಮುಳುಗಿದ ಮಕ್ಕಳು. ಕುದುರೆಯ ಬದಲು ನಾನು ಚಕ್ರದ ಆಫೀಸ್ ಕುರ್ಚಿ ಇಟ್ಟುಕೊಂಡಿದ್ದೆ. ಅದನ್ನು ಹಿಂದುಮುಂದಾಗಿ ಹತ್ತಿ ಕೂತು ಕಾಲಿನಿಂದ ತಳ್ಳುತ್ತ ಬಂದರೆ ಕುದುರೆ. ಇಬ್ಬರು ಎರಡು ತುದಿ ಹಿಡಿದು ಅಲ್ಲಾಡಿಸಿದ ನೀಲಿ ಸೀರೆ ಹೊಳೆ. ವಸ್ತುಗಳು ತಮ್ಮ ಅರ್ಥದಿಂದ ಕಳಚಿಕೊಳ್ಳಬೇಕು ಎಂಬುದು ನನ್ನ ಸಿದ್ಧಾಂತ. ಜನ ಕುರ್ಚಿಗೇ ನಗಲು ಶುರುಮಾಡಿದರು, ಅದು ನನಗೂ ಬೇಕಿತ್ತು. ಆಮೇಲೆ ಕುರ್ಚಿ ನಿಂತಿತು, ನಾನು ಟೋಪಿ ತೆಗೆದು ಎದೆಗಿಟ್ಟುಕೊಂಡು ‘ಕರ್ತನೇ’ ಎಂದೆ.

ಸಭೆ ಒಡೆದುಹೋದಂತೆ ನಕ್ಕಿತು.

ಒಂದು ಕ್ಷಣ ಪ್ಯಾಂಟಿನ ಜಿಪ್ಪು ನೋಡಿಕೊಂಡೆ. ಆಮೇಲೆ ಹೊಳೆಯಿತು. ಅವರೆಲ್ಲ ಕಾಲೇಜಿನ ಸ್ಕಿಟ್‌ಗಳಲ್ಲಿ, ಹಾಸ್ಯ ಸಂಜೆಗಳಲ್ಲಿ ಪಾದ್ರಿಯ ಪಾತ್ರ ನೋಡಿ ಬೆಳೆದವರು. ‘ಕರ್ತನೇ’ ಎಂದರೆ, ‘ಪಾದಸನ್ನಿಧಿ’ ಎಂದರೆ, ಒಂದು ವಾಕ್ಯವನ್ನು ಸ್ವಲ್ಪ ಎಳೆದು ಕೊನೆಗೆ ಇಳಿಸಿದರೆ ಅದು ಪಾದ್ರಿ ಮಿಮಿಕ್ರಿ. ಅದನ್ನು ಬೇರೆ ಕಾರಣಕ್ಕೆ ಆಡುವ ಮನೆಗಳಿವೆ, ಮಕ್ಕಳು ತೊದಲುವಾಗಲೇ ಆ ವಾಕ್ಯಗಳನ್ನು ಕಲಿಯುತ್ತಾರೆ ಎಂದು ಅವರಿಗೆ ಹೊಳೆಯಲು ದಾರಿಯಿರಲಿಲ್ಲ. ನಾನು ಮಿಮಿಕ್ರಿ ಮಾಡುತ್ತಿರಲಿಲ್ಲ. ದೇವರ ಹತ್ತಿರ ಮಾತಾಡಲು ನನಗೆ ಬರುವ ಕನ್ನಡ ಅದೊಂದೇ. ಆದರೆ ನಗು ಬಿದ್ದ ಮೇಲೆ ನನ್ನ ಕಿವಿಗೂ ಅದು ಮಿಮಿಕ್ರಿಯಂತೆಯೇ ಕೇಳತೊಡಗಿತು. ಎರಡನೆಯ ವಾಕ್ಯವನ್ನು ನಾನು ಹೇಗೆ ಹೇಳಿದೆ? ಮೊದಲನೆಯದರಂತೆಯೋ, ಸ್ವಲ್ಪ ಹೆಚ್ಚು ಎಳೆದೋ?

ಮುಗಿದ ಮೇಲೆ ಕಾರ್ಯದರ್ಶಿಗಳು ನನ್ನನ್ನು ಅಪ್ಪಿಕೊಂಡರು. “ಹೊಟ್ಟೆ ಹಿಡ್ಕೊಂಡು ನಕ್ವಿ ಸಾರ್! ಆ ಪಾದ್ರಿ ಕನ್ನಡ ಇದೆಯಲ್ಲಾ, ಅದೆಲ್ಲಿ ಹಿಡಿದ್ರಿ? ನಿಮ್ಮನೆ ಹತ್ರ ಚರ್ಚ್ ಇತ್ತಾ?”

“ಹತ್ತಿರಾನೇ,” ಎಂದೆ.

ಸುಳ್ಳಲ್ಲ. ಚರ್ಚಿನ ಕಂಪೌಂಡಿನೊಳಗೇ ನಮ್ಮ ಮನೆ.

ಆಸ್ಟಿನ್‌ನಲ್ಲಿ ಜನ ಇನ್ನೂ ಹೆಚ್ಚು. ನನ್ನ ಊರು, ಪರಿಚಯದವರು. ಅಲ್ಲಿ ನಾನು ಎಳೆದೆ. ಇದರಲ್ಲಿ ಅನುಮಾನ ಬೇಡ, ವಿಡಿಯೋ ಇದೆ. ‘ಕರ್ತನೇ’ ಎಂಬುದು ವಿಡಿಯೋದಲ್ಲಿ ಮೂರು ಅಕ್ಷರದ ಶಬ್ದವಾಗಿ ಉಳಿದಿಲ್ಲ, ಒಂದು ಆಲಾಪವಾಗಿದೆ. ತಟ್ಟಿನ ಮಾತಿಗೆ ಕುರ್ಚಿಯ ಕಡೆ ನೋಡಿ ಹುಬ್ಬು ಹಾರಿಸುತ್ತೇನೆ. ‘ಅಂಜಿಕೆಯನ್ನಾದರೂ ಇಳಿಸು’ ಎನ್ನುವಾಗ ಮಂಡಿ ನಡುಗಿಸುತ್ತೇನೆ. ಆ ಮನುಷ್ಯನನ್ನು ನೋಡಿದರೆ ನನಗೆ ಇವತ್ತೂ ಕಿವಿ ಬಿಸಿಯಾಗುತ್ತದೆ. ಅವನ ಹೊಟ್ಟೆ ನನ್ನದೇ, ಕನ್ನಡಕ ನನ್ನದೇ, ಅಷ್ಟೊಂದು ಖುಷಿ ಯಾರದೋ. ಆ ವಿಡಿಯೋ ವಾಟ್ಸ್ಯಾಪ್ ಗುಂಪುಗಳಲ್ಲಿ ಓಡಾಡಿತು. ಡಲ್ಲಾಸ್‌ನಿಂದ ಹ್ಯೂಸ್ಟನ್ ಆಚೆಯ ಫುಲ್‌ಶೀರ್‌ವರೆಗೆ ಕನ್ನಡದವರು ಒಬ್ಬರಿಗೊಬ್ಬರು ‘ಕರ್ತನೇ’ ಎಂದು ಮೆಸೇಜ್ ಹಾಕಿಕೊಳ್ಳತೊಡಗಿದರು. ಬಿಸಿಬೇಳೆ ಬಾತ್ ಖಾಲಿಯಾದರೆ ಕರ್ತನೇ, ಟ್ರಾಫಿಕ್ ಜಾಮ್ ಆದರೆ ಕರ್ತನೇ.

ಅಕ್ಕನಿಗೂ ಅದು ತಲುಪಿತು. ಫೋನ್ ಮಾಡಿದಳು.

“ಏನ್ ಮಾಡ್ಲತ್ತಿ ನೀ?”

“ಏನಾಯ್ತಕ್ಕಾ?”

“ಅದು ಮುತ್ಯಾನ ಪ್ರಾರ್ಥನಾ ಅದ. ಹೌದಿಲ್ಲೋ?”

“ಹೌದು.”

“ಎಲ್ಲಾರೂ ಬಿದ್ದು ಬಿದ್ದು ನಗ್ಲತ್ತಾರ.”

“ಕುದುರಿ ಮಾತಿಗಿ ನಗ್ತಾರಕ್ಕಾ. ಮುತ್ಯಾ ಸೈತ ನಗಸ್ತಿದ್ದ ಅಂತ ಅವ್ವನೇ ಹೇಳ್ತಾಳ.”

“ನನಗ ಕಲಸ್ಬ್ಯಾಡ. ನಾ ಪೂರ್ತಿ ನೋಡೀನಿ.” ದನಿ ತಗ್ಗಿಸಿ, “ಅವ್ವಗ ತೋರ್ಸಿಲ್ಲ. ಆದರ ಹ್ಯೂಸ್ಟನ್ ಕಾರ್ಯಕ್ರಮಕ್ಕ ಬರ್ತೀನಿ ಅನ್ಲತ್ತಾಳ. ಮಗ ನಾಟಕ ಮಾಡ್ಲತ್ತಾನಂತ ಯಾರೋ ಹೇಳ್ಯಾರ. ಸೀರಿ ಇಸ್ತ್ರಿ ಮಾಡಿ ಇಟ್ಕೊಂಡಾಳ. ನೀನೇ ನೋಡ್ಕೋ.”

ಅಕ್ಕ ಫೋನ್ ಇಟ್ಟ ಮೇಲೆ ಬೇರೆಲ್ಲ ಸಣ್ಣದಾಯಿತು. ಸಿದ್ಧಾಂತ, ಕುರ್ಚಿ, ಚಪ್ಪಾಳೆ. ಅವ್ವನಿಗೆ ಅವಳ ಅಪ್ಪನ ಗುರುತೆಂದು ಉಳಿದಿರುವುದು ಆ ಪ್ರಾರ್ಥನೆ. ಫೋಟೋ ಇಲ್ಲ. ತಟ್ಟಿನ ಮೇಲೆ ತಿರುಗಿದವನಿಗೆ ಯಾರು ಫೋಟೋ ತೆಗೆಯುತ್ತಾರೆ? ಅದನ್ನು ಅವಳು ಒಂದು ಸಭಾಂಗಣದ ತುಂಬ ಕನ್ನಡಿಗರ ನಗುವಿನ ನಡುವೆ, ಮಗನ ಬಾಯಿಂದ ಕೇಳಲಿದ್ದಳು.

ಪ್ರಾರ್ಥನೆಯನ್ನು ತೆಗೆಯುತ್ತೇನೆ ಎಂದು ಕಾರ್ಯದರ್ಶಿಗಳಿಗೆ ಹೇಳಿದೆ.

“ಅಯ್ಯೋ, ಅದೇ ಹೈಲೈಟ್ ಸಾರ್! ಅದಕ್ಕೋಸ್ಕರಾನೇ ಟಿಕೆಟ್ ತಗೊಂಡಿದ್ದಾರೆ. ಯಾಕೆ, ಯಾರಾದ್ರೂ ಅಬ್ಜೆಕ್ಷನ್ ಮಾಡಿದ್ರಾ?”

ಆ ಪ್ರಶ್ನೆಯಲ್ಲಿ ಬಾಗಿಲು ತೆರೆದೇ ಇತ್ತು. ನಮ್ಮಮ್ಮ ಎನ್ನಬಹುದಿತ್ತು. ನಮ್ಮಮ್ಮ ಯಾಕೆ ಎಂದು ಅವರು ಕೇಳುತ್ತಿದ್ದರು. ಆಗ ಮುಂದಿನದನ್ನು ಹೇಳಬೇಕಾಗುತ್ತಿತ್ತು, ಮತ್ತು ಆ ಒಳ್ಳೆಯ ಮನುಷ್ಯ ಪದೇ ಪದೇ ಸಾರಿ ಕೇಳುತ್ತಿದ್ದರು. ಅವರ ಸಾರಿಯನ್ನು ಕಲ್ಪಿಸಿಕೊಂಡೇ ನನಗೆ ನಾಚಿಕೆಯಾಯಿತು. ಅವರು ಏನೂ ತಪ್ಪು ಮಾಡಿರಲಿಲ್ಲ.

“ಯಾರೂ ಇಲ್ಲ,” ಎಂದೆ. “ಸ್ವಲ್ಪ ಬೇರೆ ಥರ ಮಾಡೋಣ ಅಂತ.”

ಬೇರೆ ಥರ ಎಂದರೆ ನೆಟ್ಟಗೆ. ಹುಬ್ಬಿಲ್ಲ, ಮಂಡಿಯಿಲ್ಲ, ಆಲಾಪವಿಲ್ಲ. ಮನೆಯಲ್ಲಿ ಹೇಳುವ ಹಾಗೆ ಹೇಳುವುದು. ಒಂದು ವಾರ ಕಾರಿನಲ್ಲಿ ಅಭ್ಯಾಸ ಮಾಡಿದೆ, ಮತ್ತು ಭಯಂಕರವಾದದ್ದೊಂದು ಗೊತ್ತಾಯಿತು. ಮನೆಯಲ್ಲಿ ಹೇಗೆ ಹೇಳುತ್ತಿದ್ದೆವು ಎಂಬುದು ನನಗೆ ಸಿಗುತ್ತಿರಲಿಲ್ಲ. ಬಾಯಿ ತೆರೆದರೆ ವಿಡಿಯೋದವನು ಬರುತ್ತಿದ್ದ. ಅವನನ್ನು ತಡೆದರೆ ವಾರ್ತೆ ಓದುವವನ ದನಿ ಬರುತ್ತಿತ್ತು. ಇವರಿಬ್ಬರ ನಡುವೆ ಎಲ್ಲೋ ಇದ್ದ ಹುಡುಗನ ದನಿ ಬರಲೇ ಇಲ್ಲ.

ಹ್ಯೂಸ್ಟನ್‌ನ ಕಾರ್ಯಕ್ರಮ ಮಧ್ಯಾಹ್ನ. ಹೊರಗೆ ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು, ಒಳಗೆ ಎಸಿಗೆ ಆಂಟಿಯರು ಶಾಲು ಹೊದ್ದಿದ್ದರು. ಅವ್ವ ಎರಡನೆಯ ಸಾಲಿನಲ್ಲಿ ಕೂತಿದ್ದಳು, ಕ್ರಿಸ್‌ಮಸ್ಸಿಗೆ ಉಡುವ ಕೆನೆಬಣ್ಣದ ಸೀರೆ, ಪಕ್ಕದಲ್ಲಿ ಅಕ್ಕ. ಕಾರ್ಯದರ್ಶಿಗಳು ಅವಳನ್ನು ಮಾತಾಡಿಸುತ್ತಿದ್ದುದು ಪರದೆಯ ಅಂಚಿನಲ್ಲಿ ನಿಂತ ನನಗೆ ಕೇಳುತ್ತಿತ್ತು.

“ನಮಸ್ಕಾರ ಅಮ್ಮಾ! ನಿಮ್ಮ ಮಗ ಎಂಥಾ ಪಾದ್ರಿ ಗೊತ್ತಾ? ಒರಿಜಿನಲ್ ಪಾದ್ರಿ ಸೋಲ್ಬೇಕು!”

“ಪಾದ್ರಿ? ಇಂವಾ?” ಅವ್ವ ನಕ್ಕಳು. “ಇಂವ ಐತವಾರ ದೇವಾಲಯಕ್ಕೇ ಹೋಗಂಗಿಲ್ರೀ.”

“ಈಗಿನ ಕಾಲದಲ್ಲಿ ಯಾರಮ್ಮಾ ದೇವಸ್ಥಾನಕ್ಕೆ ಹೋಗ್ತಾರೆ? ನಾವೂ ಅಷ್ಟೇ, ಹಬ್ಬಕ್ಕೆ ಮಾತ್ರ.”

“ಹಂಗನಬ್ಯಾಡ್ರಿ. ಹೋಗ್ಬೇಕು. ಅಯ್ಯನೋರು ಬರೇ ಕುರ್ಚಿಗಿ ಪ್ರಸಂಗ ಹೇಳ್ಬೇಕೇನ್ರಿ?”

“ಅಯ್ನೋರಿಗೇನಮ್ಮಾ, ತಟ್ಟೆ ಕಾಸು ಬಿದ್ರೆ ಸಾಕು!”

ಇಬ್ಬರೂ ಸಂತೋಷವಾಗಿ ನಕ್ಕರು. ಅವ್ವನ ಅಯ್ಯನೋರು ಚರ್ಚಿನವರು, ಅವರ ಅಯ್ನೋರು ಗುಡಿಯವರು. ಅಕ್ಕ ನೆಲ ನೋಡುತ್ತಿದ್ದಳು. ನಾನು ಪರದೆಯ ಹಿಂದೆ ಟೋಪಿಯ ಅಂಚನ್ನು ಹಿಂಡುತ್ತಿದ್ದೆ. ಆ ಗಳಿಗೆಯಲ್ಲಿ ಕಾರ್ಯಕ್ರಮ ರದ್ದಾಗಲಿ, ಫೈರ್ ಅಲಾರಂ ಕೂಗಲಿ ಎಂದು ಬಯಸಿದ್ದೆ ಎಂದು ಬರೆಯಲು ಕೈ ಬರುತ್ತದೆ. ಬಯಸಿದ್ದೆನೇ? ಜನ ತುಂಬಿದ್ದಾರೆ ಎಂದು ಒಳಗೊಳಗೆ ಹಿಗ್ಗಿಯೂ ಇದ್ದೆ. ಎರಡೂ ಒಟ್ಟಿಗೇ ಇದ್ದವು.

ಕುರ್ಚಿಯ ಮೇಲೆ ಬಂದೆ. ನಕ್ಕರು. ರೊಟ್ಟಿಯ ಪ್ರಸಂಗಕ್ಕೆ ಸುಮ್ಮನೆ ಕೇಳಿದರು. ಅವ್ವ ಮುಂದಕ್ಕೆ ಬಾಗಿದ್ದು ಕಂಡಿತು. ಒಲೆಯ ಹಿಂದೆ ಬ್ರೆಡ್ ಇಟ್ಟು ಹೊರಬರುವ ಆ ಟೋಪಿಯವನನ್ನು ಅವಳು ಗುರುತು ಹಿಡಿದಳು ಎಂದು ನನಗೆ ಅನಿಸಿತು. ನೀಲಿ ಸೀರೆ ಅಲ್ಲಾಡತೊಡಗಿತು. ಕುರ್ಚಿ ನಿಂತಿತು. ಟೋಪಿ ತೆಗೆದೆ. ಹುಬ್ಬು ಹಾರಿಸಲಿಲ್ಲ. ಮಂಡಿ ನಡುಗಿಸಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಯಾರೋ ರಾಗವಾಗಿ “ಕರ್ತನೇ…” ಎಂದರು. ಇಡೀ ಸಭೆ ಜೊತೆಗೂಡಿತು. ಎಲ್ಲರೂ ವಿಡಿಯೋ ನೋಡಿದ್ದರು.

ನಾನು ಕಾದೆ. ಆಮೇಲೆ ಸಣ್ಣ ದನಿಯಲ್ಲಿ ಹೇಳತೊಡಗಿದೆ. ಸಣ್ಣ ದನಿ ಇನ್ನೂ ತಮಾಷೆಯಾಗಿ ಕಂಡಿರಬೇಕು. ಪಾದಸನ್ನಿಧಿಗೆ ನಕ್ಕರು. ರೊಟ್ಟಿ ಬಡಿದ ಕೈಗೆ ನಕ್ಕರು. ತಟ್ಟಿಗೆ, ಅಲ್ಲ, ಕುದುರೆಗೆ, ಚಪ್ಪಾಳೆ ತಟ್ಟಿದರು. ಹೊಳೆ ಇಳಿಸು ಎಂದೆ, ನಕ್ಕರು. ಅಂಜಿಕೆಯನ್ನಾದರೂ ಇಳಿಸು ಎನ್ನುವಷ್ಟರಲ್ಲಿ ನನಗೆ ನನ್ನ ದನಿಯೇ ಕೇಳಿಸುತ್ತಿರಲಿಲ್ಲ. ಆಮೆನ್ ಎನ್ನಬೇಕಿತ್ತು. ಟೋಪಿ ನೋಡುತ್ತ ನಿಂತುಬಿಟ್ಟೆ, ಅಥವಾ ನಗು ಇಳಿಯಲಿ ಎಂದು ನಟನ ಲೆಕ್ಕದಲ್ಲಿ ತಡೆದೆ.

ಆ ತೆರವಿನಲ್ಲಿ ಎರಡನೆಯ ಸಾಲಿನಿಂದ ಅವ್ವನ ದನಿ ಬಂತು. “ಆಮೆನ್.”

ಜೋರಾಗಿ ಅಲ್ಲ. ಚರ್ಚಿನಲ್ಲಿ ಪ್ರಾರ್ಥನೆ ಮುಗಿದಾಗ ಹೇಳುವ ಹಾಗೆ, ತಲೆ ಬಾಗಿಸಿ, ಕಣ್ಣು ಮುಚ್ಚಿ, ಸೆರಗು ತಲೆಯ ಮೇಲೆ. ಸೆರಗನ್ನು ಯಾವಾಗ ಎಳೆದುಕೊಂಡಿದ್ದಳೋ ನಾನು ನೋಡಿರಲಿಲ್ಲ.

ಆಮೇಲೆ ಬಂದ ನಗು ಅದುವರೆಗಿನ ಎಲ್ಲ ನಗುವಿಗಿಂತ ದೊಡ್ಡದು. ಅವ್ವನನ್ನು ನಾನೇ ಅಲ್ಲಿ ಕೂರಿಸಿದ್ದೇನೆ ಎಂದುಕೊಂಡರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಗಳು ಮೈಕ್ ಹಿಡಿದು ಓಡಿ ಬಂದರು: “ಅಮ್ಮನ ಟೈಮಿಂಗ್ ನೋಡಿ! ಅಮ್ಮನ ಟೈಮಿಂಗ್!” ಅವ್ವ ಕಣ್ಣು ತೆರೆದು ಸುತ್ತ ನೋಡಿದಳು, ಅಕ್ಕನ ಕಡೆ ತಿರುಗಿ ಏನೋ ಕೇಳಿದಳು. ಅಕ್ಕ ತಲೆಯಾಡಿಸಿದಳು. ಅವ್ವ ಎದ್ದು, ಸುತ್ತಲಿನವರಿಗೆ ಕೈಮುಗಿದು, ಮತ್ತೆ ಕೂತಳು. ನಾನು ವೇದಿಕೆಯ ಮೇಲೆ ಟೋಪಿ ಹಿಡಿದು ತಲೆ ಬಾಗಿಸಿದೆ. ಚಪ್ಪಾಳೆಗೆ ಹಾಗೆ ಮಾಡಬೇಕು.

ಊಟದ ಸಾಲಿನಲ್ಲಿ ಒಬ್ಬರಾದ ಮೇಲೊಬ್ಬರು ಬಂದು ಅವಳನ್ನು ಹೊಗಳಿದರು. “ಆಂಟಿ, ನೀವೂ ಆ್ಯಕ್ಟಿಂಗ್ ಮಾಡ್ತಿದ್ರಾ ಊರಲ್ಲಿ?” ಅವ್ವ ಎಲ್ಲರಿಗೂ “ಹೌದೇನ್ರಿ, ಛಲೋ ಅನಸ್ತೇನ್ರಿ?” ಎನ್ನುತ್ತಿದ್ದಳು. ತಟ್ಟೆ ಕೈಗೆ ಬಂದ ಮೇಲೆ ಎಂದಿನಂತೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು. ಎದುರಿಗಿದ್ದ ಹುಡುಗಿಯೊಬ್ಬಳು ಅದನ್ನು ನೋಡಿ, ತನ್ನ ಚಮಚ ಕೆಳಗಿಟ್ಟು, ನನ್ನ ಕಡೆ ನೋಡಿದಳು. ಕರ್ನಾಟಕದಿಂದ ಓದಲು ಬಂದ ವಿದ್ಯಾರ್ಥಿನಿ ಇರಬೇಕು. ಅವಳು ನಕ್ಕಿರಲಿಲ್ಲವೇನೋ. ನಾನು ಪುಳಿಯೋಗರೆಯ ಕಡೆ ತಿರುಗಿದೆ.

ಸ್ಟಾಫರ್ಡ್‌ಗೆ ನಾನೇ ಡ್ರೈವ್ ಮಾಡಿದೆ. ಅವ್ವ ಮುಂದೆ, ಅಕ್ಕ ಹಿಂದೆ. ಫ್ರೀವೇ ಬಿಟ್ಟು ಸಿಗ್ನಲ್‌ನಲ್ಲಿ ನಿಂತಾಗ ಅವ್ವ ಅಂದಳು, “ನಮ್ಮಪ್ಪ ರುಮಾಲ ಸುತ್ತತಿದ್ದ. ನೀ ಅವಗ ಟೋಪಿ ಹಾಕೀದಿ.”

ಹಿಂದೆ ಅಕ್ಕ ತಡೆಯಲಾರದೆ ನಕ್ಕಳು. ಅವ್ವ ಆ ಮಾತಿನ ಇನ್ನೊಂದು ಅರ್ಥವನ್ನು ಬೇಕೆಂದೇ ಆಡಿದಳೋ ಏನೋ, ಮುಖದಲ್ಲಿ ಏನೂ ತೋರಲಿಲ್ಲ.

“ಅಂವ ಮುತ್ಯಾ ಅಲ್ಲವ್ವಾ. ಇಲ್ಲಿಯವ. ಹಿಂದಿನ ಕಾಲದವ. ಕುದುರಿ ಮ್ಯಾಲ ತಿರಗತಿದ್ದ.”

“ಅವನ ಹೆಂಡ್ತಿ ಮಕ್ಕಳು?”

“ಗೊತ್ತಿಲ್ಲ.”

“ಏನೂ ಗೊತ್ತಿಲ್ಲದವನ ಮ್ಯಾಲ ಎಷ್ಟೊಂದು ಹೊರಸೀದಿಯಲ್ಲೋ,” ಎಂದು ಸಿಗ್ನಲ್‌ ನೋಡುತ್ತ ಕೂತಳು. ಹಸಿರು ಬಂತು. ಸ್ವಲ್ಪ ದೂರ ಹೋದ ಮೇಲೆ, “ತಟ್ಟಿನ ಮಾತಿಗಿ ನಗಬೇಕು. ಅದು ನಗಾಕೇ ಅದ. ಕೇರಿಯಾಗ ಮಕ್ಕಳೆಲ್ಲ ನಗತಿದ್ವು. ಅವು ನಕ್ಕ ಮ್ಯಾಲೇ ಅಪ್ಪ ಹೊಳೀ ಮಾತು ತೆಗೀತಿದ್ದ. ಆಗ ಯಾರೂ ನಗತಿರಲಿಲ್ಲ. ಇವರು ಹೊಳೀ ಮಾತಿಗಿ ಯಾಕ್ ನಕ್ಕರು?”

ನನಗೆ ಉತ್ತರ ಗೊತ್ತಿತ್ತು. ಎರಡು ಊರು ತಿರುಗಿ ಅವರಿಗೆ ಅದನ್ನು ಕಲಿಸಿದವನು ನಾನೇ. “ಗೊತ್ತಿಲ್ಲವ್ವಾ, ಅವರಿಗಿ ಹೊಳಿ ಗೊತ್ತಿಲ್ಲ,” ಎಂದೆ. ಅಕ್ಕ ಹಿಂದಿನಿಂದ ಕನ್ನಡಿಯಲ್ಲಿ ನನ್ನನ್ನು ನೋಡಿದಳು.

ಮನೆಯ ಮುಂದೆ ಕಾರು ನಿಲ್ಲಿಸಿದೆ. ಅಕ್ಕ ಇಳಿದು ಬಾಗಿಲು ತೆಗೆಯಲು ಹೋದಳು. ಅವ್ವ ಸೀಟ್ ಬೆಲ್ಟ್ ಬಿಚ್ಚಲಿಲ್ಲ.

“ಒಂದು ಮಾತ ಕೇಳ್ತೀನಿ. ಸಿಟ್ಟಾಗಬ್ಯಾಡ.”

“ಕೇಳವ್ವಾ.”

“ಅವರು ನಗ್ಲತ್ತಿದ್ದರು, ಬಿಡು. ನೀ? ನೀ ಅವರನ್ನ ನಗಸಬೇಕಂತ ಹೇಳಿದ್ಯೋ, ಖರೇ ಬೇಡಕೊಂಡ್ಯೋ?”

ಇಂಥ ಪ್ರಶ್ನೆಗೆ ನನ್ನ ಕಥೆಗಳಲ್ಲಿ ಪಾತ್ರಗಳು ಉತ್ತರಿಸುವುದಿಲ್ಲ. ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ, ಪುಟ ಮುಗಿಯುತ್ತದೆ. ಅವ್ವ ನನ್ನ ಮುಖ ನೋಡುತ್ತ ಕಾಯುತ್ತಿದ್ದಳು.

“ಬೇಡಕೊಂಡೆ,” ಎಂದೆ.

“ಹಂಗಾದ್ರ ಆತು,” ಎಂದು ಬೆಲ್ಟ್ ಬಿಚ್ಚಿ, ಸೀರೆಯ ನೆರಿಗೆ ಹಿಡಿದು ನಿಧಾನವಾಗಿ ಇಳಿದಳು. ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ. ಕೂಟದವರು ಇನ್ನೊಂದು ಸಲ ಮಾಡಿ ಎಂದು ಈಗಲೂ ಕೇಳುತ್ತಾರೆ, ಗಂಟಲು ಸರಿಯಿಲ್ಲ ಎನ್ನುತ್ತೇನೆ. ಕಾರಣವನ್ನು ಅವರಿಗೆ ಇನ್ನೂ ಹೇಳಿಲ್ಲ.

ಆ ಮಧ್ಯಾಹ್ನ ನಾನು ಬೇಡಿಕೊಂಡೆನೋ ಇಲ್ಲವೋ ನನಗೆ ಗೊತ್ತಿಲ್ಲ. ಹ್ಯೂಸ್ಟನ್‌ನ ವಿಡಿಯೋವನ್ನು ಎಷ್ಟೋ ಸಲ ನೋಡಿದ್ದೇನೆ; ನನ್ನ ತುಟಿ ಅಲ್ಲಾಡುವುದು ಕಾಣುತ್ತದೆ, ದನಿ ನಗುವಿನಲ್ಲಿ ಮುಚ್ಚಿಹೋಗಿದೆ. ಅವ್ವ ನನ್ನ ಮಾತನ್ನು ನಂಬಿದಳೋ, ನಂಬಿದಂತೆ ಇದ್ದುಬಿಟ್ಟಳೋ, ಅದೂ ಗೊತ್ತಿಲ್ಲ.